ಮಣ್ಣಿನ ಊರಲ್ಲಿ ಗೋಡೆ ತಟ್ಟಿ ನೋಡಿದ ಅಮ್ಮ

ಅಮೆರಿಕದಲ್ಲಿ ಯಾವುದೇ ರಾಜ್ಯದ ರಾಜಧಾನಿಗೆ ಹೋದರೂ ಸಾಮಾನ್ಯವಾಗಿ ದೂರದಿಂದಲೇ ವಿಧಾನಸಭೆಯ ಗುಮ್ಮಟ ಕಾಣುತ್ತದೆ. ಸಾಂತಾ ಫೆಯಲ್ಲಿ ಹುಡುಕಿದರೂ ಸಿಗುವುದಿಲ್ಲ. ನ್ಯೂ ಮೆಕ್ಸಿಕೋ ರಾಜ್ಯದ ವಿಧಾನಸಭೆ 1966ರಲ್ಲಿ ಕಟ್ಟಿದ ದುಂಡನೆಯ, ಗಿಡ್ಡ, ಮಣ್ಣುಬಣ್ಣದ ಕಟ್ಟಡ. ಸುತ್ತಲಿನ ಊರೂ ಹಾಗೇ ಇದೆ. ಹೋಟೆಲು, ಬ್ಯಾಂಕು, ಅಂಗಡಿ ಎಲ್ಲದಕ್ಕೂ ಮಣ್ಣುಬಣ್ಣ. ಮೂಲೆಗಳು ಕೈಯಲ್ಲಿ ಸವರಿದ ಹಾಗೆ ದುಂಡಗಿವೆ. ಸಪಾಟು ತಾರಸಿ, ಗೋಡೆಯಿಂದ ಹೊರಗೆ ಚಾಚಿದ ತೊಲೆಗಳ ತುದಿ.

ನಾವಿರುವುದು ಡಾಲಸ್‌ನಲ್ಲಿ. ಅಲ್ಲಿಂದ ಕಾರಿನಲ್ಲಿ ಒಂದು ಪೂರ್ತಿ ಹಗಲಿನ ದಾರಿ. ಊರಿಂದ ಬಂದಿದ್ದ ಅಮ್ಮನಿಗೆ ಮಾಲ್ ನೋಡಿ ನೋಡಿ ಬೇಜಾರಾಗಿತ್ತು. ಅವರು ಹಿರಿಯೂರು ಕಡೆಯವರು, ಮಾಳಿಗೆ ಮನೆಯಲ್ಲಿ ಹುಟ್ಟಿ ಬೆಳೆದವರು. ಮಣ್ಣಿನ ಗೋಡೆ, ತೊಲೆ, ಜಂತೆ, ಮೇಲೆ ಕರಲು ಮಣ್ಣಿನ ಹೊದಿಕೆ. ಸಾಂತಾ ಫೆಯ ಪ್ಲಾಜಾದಲ್ಲಿ, ಅಂದರೆ ಊರ ನಡುವಿನ ಚೌಕದಲ್ಲಿ, ಕಾರಿಂದ ಇಳಿದವರೇ ಒಂದು ಅಂಗಡಿಯ ಗೋಡೆಯನ್ನು ಬೆರಳಿಂದ ತಟ್ಟಿದರು. "ಇದು ಮಣ್ಣಲ್ಲ ಕಣೋ, ಸಿಮೆಂಟು. ಮಣ್ಣಿನ ಬಣ್ಣ ಹೊಡೆದವ್ರೆ ಅಷ್ಟೇ" ಅಂದರು.

ಅವರು ಹೇಳಿದ್ದು ನಿಜ. ಈ ಊರನ್ನು ಸ್ಪೇನಿನವರು ರಾಜಧಾನಿ ಮಾಡಿಕೊಂಡಿದ್ದು 1610ರ ಸುಮಾರಿಗೆ. ಆಗಿನ ಮನೆಗಳೆಲ್ಲ ಅಡೋಬಿ, ಅಂದರೆ ಮಣ್ಣಿಗೆ ಹುಲ್ಲು ಕಲಸಿ ಬಿಸಿಲಲ್ಲಿ ಒಣಗಿಸಿದ ಇಟ್ಟಿಗೆಯವು. ಆಮೇಲೆ ರೈಲು ಬಂತು, ಸುಟ್ಟ ಇಟ್ಟಿಗೆ ಬಂತು, ಪೂರ್ವದ ಊರುಗಳ ಶೋಕಿಯೂ ಬಂತು. ನ್ಯೂ ಮೆಕ್ಸಿಕೋ ರಾಜ್ಯವಾದದ್ದು 1912ರಲ್ಲಿ. ಆ ಹೊತ್ತಿಗೆ ಊರಿನ ಹಿರಿಯರು ಯೋಚನೆ ಮಾಡಿದರು. ಎಲ್ಲ ಊರಿನ ಹಾಗೆ ಆದರೆ ಇಲ್ಲಿಗೆ ಯಾರು ಬರುತ್ತಾರೆ? ಹಳೆಯ ರೂಪವನ್ನೇ ಊರಿನ ಗುರುತು ಮಾಡಿಕೊಳ್ಳೋಣ ಎಂದು ತೀರ್ಮಾನಿಸಿದರು. 1957ರಲ್ಲಿ ಅದು ಕಾನೂನೂ ಆಯಿತು. ಹಳೇ ಊರಿನ ಭಾಗದಲ್ಲಿ ಹೊಸದಾಗಿ ಏನು ಕಟ್ಟಿದರೂ ಆ ರೂಪದಲ್ಲೇ ಕಟ್ಟಬೇಕು. ಒಳಗೆ ಕಾಂಕ್ರೀಟು ಇದ್ದರೂ ಪರವಾಗಿಲ್ಲ!

ಹಾಗಾದರೆ ಇದೆಲ್ಲ ನಾಟಕವೇ? ನನಗೆ ಹಾಗನ್ನಿಸಲಿಲ್ಲ. ಆದರೆ ಪ್ಲಾಜಾ ಸುತ್ತಿ, ಕ್ಯಾನ್ಯನ್ ರೋಡಿನ ಆರ್ಟ್ ಗ್ಯಾಲರಿಗಳಲ್ಲಿ ಬೆಲೆ ನೋಡಿ ಗಾಬರಿಯಾಗಿ ವಾಪಸ್ ಹೊರಟರೆ ಮಾತ್ರ ನೀವು ನೋಡಿದ್ದು ಬರೀ ಬಣ್ಣ. ನಿಜವಾದ ಮಣ್ಣು ನೋಡಲು ಇನ್ನೂ ಸ್ವಲ್ಪ ಓಡಾಡಬೇಕು.

ಪ್ಲಾಜಾದ ಒಂದು ಬದಿಗೆ ಗವರ್ನರ್‌ಗಳ ಅರಮನೆ ಇದೆ. ಅರಮನೆ ಅಂದರೆ ಉದ್ದನೆಯ ಒಂದೇ ಅಂತಸ್ತಿನ ಕಟ್ಟಡ, ಮುಂದೆ ಜಗಲಿ. ಆ ಜಗಲಿಯ ನೆರಳಲ್ಲಿ ಇಲ್ಲಿನ ಮೂಲನಿವಾಸಿಗಳು ಬಟ್ಟೆ ಹಾಸಿ ಬೆಳ್ಳಿ ಮತ್ತು ಟರ್ಕಾಯ್ಸ್ ಎಂಬ ಹಸಿರು-ನೀಲಿ ಕಲ್ಲಿನ ಒಡವೆ, ಮಡಿಕೆ ಇಟ್ಟುಕೊಂಡು ಕೂತಿರುತ್ತಾರೆ. ಯಾರು ಬೇಕಾದರೂ ಬಂದು ಕೂರುವ ಹಾಗಿಲ್ಲ. ಮಾರುವವರು ಮೂಲನಿವಾಸಿಗಳೇ ಆಗಿರಬೇಕು, ಮಾಲು ಅವರೋ ಅವರ ಮನೆಯವರೋ ಮಾಡಿದ್ದಾಗಿರಬೇಕು. ನಮ್ಮವರಿಗೆ ಒಂದು ಮಾತು: ಇಲ್ಲಿ ಚೌಕಾಸಿಗೆ ಇಳಿಯಬೇಡಿ.

ಇದೇ ಅರಮನೆಯಲ್ಲಿ 1680ರಲ್ಲಿ ಸ್ಪೇನಿನ ಗವರ್ನರ್ ಸಿಕ್ಕಿಹಾಕಿಕೊಂಡಿದ್ದ. ಪ್ವೆಬ್ಲೋ ಅಂದರೆ ಇಲ್ಲಿನ ಮೂಲನಿವಾಸಿಗಳು, ಅವರ ಊರಿಗೂ ಅದೇ ಹೆಸರು. ಆ ಜನರ ದೇವರುಗಳನ್ನು ಸುಟ್ಟು, ಪೂಜಾರಿಗಳನ್ನು ಹೊಡೆದು, ಬಿಟ್ಟಿ ದುಡಿಸಿಕೊಂಡವರ ಮೇಲೆ ಬಹುತೇಕ ಊರುಗಳು ಒಟ್ಟಿಗೆ ತಿರುಗಿಬಿದ್ದವು. ಮುಂದಾಳು ಪೋಪೇ ಎಂಬಾತ. ಊರೂರಿಗೆ ಓಟಗಾರರ ಕೈಲಿ ಗಂಟು ಹಾಕಿದ ಹಗ್ಗ ಕಳಿಸಿದ. ದಿನಕ್ಕೊಂದು ಗಂಟು ಬಿಚ್ಚಬೇಕು, ಗಂಟು ಮುಗಿದ ದಿನ ಏಳಬೇಕು. ಸ್ಪೇನಿನವರು ಊರು ಬಿಟ್ಟು ದಕ್ಷಿಣಕ್ಕೆ ಓಡಿದರು. ಹನ್ನೆರಡು ವರ್ಷ ಆದ ಮೇಲೇ ಅವರು ವಾಪಸ್ ಬಂದದ್ದು. ಬಂದರೂ ಮೊದಲಿನ ಹಾಗೆ ಮೆರೆಯಲು ಆಗಲಿಲ್ಲ. ಈಗಲೂ ಈ ರಾಜ್ಯದಲ್ಲಿ 19 ಪ್ವೆಬ್ಲೋಗಳು ತಮ್ಮದೇ ಆಡಳಿತ, ತಮ್ಮದೇ ಕಟ್ಟಳೆ ಇಟ್ಟುಕೊಂಡಿವೆ. ಅದರ ಹಿಂದೆ ಆ ಹಗ್ಗದ ಗಂಟುಗಳೂ ಇವೆ.

ಮರುದಿನ ಬೆಟ್ಟದ ದಾರಿಯಲ್ಲಿ ತಾವೋಸ್ ಕಡೆ ಹೊರಟೆವು. ಊರಿಗೆ ಸ್ವಲ್ಪ ಮುಂಚೆ ರಾಂಚೋಸ್ ದೆ ತಾವೋಸ್‌ನಲ್ಲಿ ಒಂದು ಚರ್ಚು. ಕಲಾವಿದೆ ಜಾರ್ಜಿಯಾ ಓ'ಕೀಫ್ ಚಿತ್ರ ಬರೆದು ಹೆಸರಾದದ್ದು. ಅದರ ಹಿಂಭಾಗ ನೋಡಬೇಕು. ಕಿಟಕಿ ಇಲ್ಲ, ಬಾಗಿಲಿಲ್ಲ, ಬರೀ ದಪ್ಪ ದಪ್ಪ ಮಣ್ಣಿನ ಒತ್ತುಗೋಡೆಗಳು. ಅಮ್ಮ ಇಲ್ಲಿಯೂ ತಟ್ಟಿದರು. ಈ ಸಲ ಏನೂ ಹೇಳಲಿಲ್ಲ, ಸುಮ್ನೆ ತಲೆ ಆಡಿಸಿದರು.

ಈ ಗೋಡೆಗೂ ಒಂದು ಕತೆ ಇದೆ. ಪ್ರತಿ ವರ್ಷ ಮಣ್ಣು ಮೆತ್ತುವುದು ಯಾರಿಗೆ ಬೇಕು ಎಂದು 1967ರಲ್ಲಿ ಸಿಮೆಂಟು ಗಾರೆ ಮಾಡಿಸಿದರು. ಸಿಮೆಂಟು ಬಿರುಕು ಬಿಟ್ಟಿತು. ಬಿರುಕಿನಿಂದ ಒಳಗೆ ಹೋದ ನೀರು ಆರಲು ದಾರಿ ಇಲ್ಲದೆ ಒಳಗಿನ ಮಣ್ಣಿನ ಇಟ್ಟಿಗೆ ಕರಗತೊಡಗಿತು. ಹೊರಗಿಂದ ನೋಡಿದರೆ ಎಲ್ಲ ಗಟ್ಟಿ, ಒಳಗೆ ಕೆಸರು. 1979ರಲ್ಲಿ ಸಿಮೆಂಟು ಕಿತ್ತು ಹಾಕಿ ಮತ್ತೆ ಮಣ್ಣಿಗೇ ಬಂದರು. ಅಲ್ಲಿಂದ ಪ್ರತಿ ಬೇಸಿಗೆಯಲ್ಲಿ ಊರವರೆಲ್ಲ ಸೇರಿ ಮಣ್ಣು ಹುಲ್ಲು ಕಲಸಿ ಕೈಯಲ್ಲಿ ಮೆತ್ತುತ್ತಾರೆ. "ನಮ್ಮಪ್ಪನೂ ಮಾಳಿಗೆಗೆ ಸಿಮೆಂಟು ಹಾಕ್ಸಿ ಹಿಂಗೇ ಕೆಡಿಸಿದ್ದು" ಅಂದರು ಅಮ್ಮ. ತಾತನ ಮೇಲೆ ಆ ಸಿಟ್ಟು ಇನ್ನೂ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ.

ತಾವೋಸ್ ಪ್ವೆಬ್ಲೋ ಯುನೆಸ್ಕೋ ಪಟ್ಟಿಗೆ ಸೇರಿದ್ದು 1992ರಲ್ಲಿ. ಹೊಳೆಯ ಎರಡೂ ದಡಕ್ಕೆ ಮಣ್ಣಿನ ಮನೆಗಳು, ಒಂದರ ಮೇಲೊಂದು ಹಲವು ಅಂತಸ್ತು. ಹಳೇ ಭಾಗದಲ್ಲಿ ಇವತ್ತಿಗೂ ಕರೆಂಟಿಲ್ಲ, ನಲ್ಲಿ ಇಲ್ಲ. ಹೊಳೆ ಹುಟ್ಟುವುದು ಬ್ಲೂ ಲೇಕ್ ಎಂಬ ಕೆರೆಯಲ್ಲಿ, ಅದು ಅವರಿಗೆ ಪವಿತ್ರ. ಸರ್ಕಾರ 1906ರಲ್ಲಿ ಅದನ್ನು ಅರಣ್ಯಕ್ಕೆ ಸೇರಿಸಿಕೊಂಡಿತ್ತು. ಇವರು ಪಟ್ಟು ಬಿಡದೆ 1970ರಲ್ಲಿ ಸುಮಾರು 48,000 ಎಕರೆ ವಾಪಸ್ ಪಡೆದರು. ಇಲ್ಲಿ ಜನರ ಫೋಟೋ ತೆಗೆಯುವ ಮುಂಚೆ ಕೇಳಬೇಕು. ಚರ್ಚಿನೊಳಗೆ ಕ್ಯಾಮೆರಾ ತೆಗೆಯಲೇ ಬಾರದು.

ಬೆಟ್ಟ ಹತ್ತುವವರಿಗೆ ಈ ಕಡೆ ಕೆಲಸ ಬೇಕಾದಷ್ಟಿದೆ. ಆದರೆ ಸಾಂತಾ ಫೆ ಊರೇ 7,000 ಅಡಿಯಲ್ಲಿದೆ, ಮುಳ್ಳಯ್ಯನಗಿರಿಯ ತುದಿಗಿಂತ ಎತ್ತರ. ಮೊದಲ ದಿನ ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತದೆ. ನೀರು ಜಾಸ್ತಿ ಕುಡಿಯಿರಿ, ಸಾಹಸಗಳನ್ನು ಮರುದಿನಕ್ಕೆ ಇಟ್ಟುಕೊಳ್ಳಿ. ಸ್ಕೀ ಬೆಟ್ಟದ ದಾರಿಯಲ್ಲಿ ಆಸ್ಪೆನ್ ವಿಸ್ಟಾ ಎಂಬಲ್ಲಿ ಸುಮಾರು 10,000 ಅಡಿ ಎತ್ತರದಲ್ಲಿ ಅಗಲವಾದ, ಸಲೀಸಾದ ಕಾಲುದಾರಿ ಇದೆ. ಅಕ್ಟೋಬರ್ ಶುರುವಿನಲ್ಲಿ ಇಡೀ ಗುಡ್ಡವೇ ಅರಿಶಿನ. ಅಮ್ಮನೂ ಅರ್ಧ ಮೈಲಿ ನಡೆದರು.

ಬ್ಯಾಂಡಲೀರ್ ಇನ್ನೊಂದು ಬಗೆ. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಮೆತ್ತನೆ ಬಂಡೆಯಲ್ಲಿ ಪ್ವೆಬ್ಲೋ ಜನರ ಪೂರ್ವಿಕರು ಕೋಣೆಗಳನ್ನು ಕೊರೆದು ಬದುಕಿದ್ದ ಕಣಿವೆ. ಒಳಗೆ ಹೊಗೆ ಹಿಡಿದ ಸೂರು ಇನ್ನೂ ಕಪ್ಪಗಿದೆ. ನೆಲದಿಂದ 140 ಅಡಿ ಮೇಲಿರುವ ಆಲ್ಕೋವ್ ಹೌಸ್‌ಗೆ ಮರದ ಏಣಿಗಳ ಮೇಲೆ ಹತ್ತಬೇಕು. ತಲೆ ಸುತ್ತುವವರು ಕೆಳಗೇ ಇರುವುದು ವಾಸಿ. ನನ್ನ ಹೆಂಡತಿ ಸರಸರನೆ ಹತ್ತಿದಳು. ನಾನು ಎರಡು ಏಣಿ ನಡುವೆ ಫೋಟೋ ತೆಗೆಯುವ ನೆಪದಲ್ಲಿ ನಿಂತು ನಿಂತು ಹೋದೆ.

ಮಳೆ ಬಂದರೆ ಜಾನಪದ ಕಲೆಗಳ ಮ್ಯೂಸಿಯಂಗೆ ಹೋಗಿ. ಮಳೆ ಬರದಿದ್ದರೂ ಹೋಗಿ. ಅಲೆಕ್ಸಾಂಡರ್ ಜಿರಾರ್ಡ್ ಎಂಬ ವಿನ್ಯಾಸಕಾರ ಕೊಟ್ಟ ಒಂದು ಲಕ್ಷಕ್ಕೂ ಹೆಚ್ಚು ವಸ್ತುಗಳು ಅಲ್ಲಿವೆ. ಎಲ್ಲವನ್ನೂ ಒಟ್ಟಿಗೆ ಇಟ್ಟಿಲ್ಲ, ಇಟ್ಟಷ್ಟನ್ನು ನೋಡುವುದಕ್ಕೇ ಅರ್ಧ ದಿನ ಬೇಕು. ನಮ್ಮ ದೇಶದ ಗೊಂಬೆಗಳೂ ಇವೆ.

ಊಟದ ವಿಷಯ. ಯಾವ ಹೋಟೆಲಿಗೆ ಹೋದರೂ ಕೇಳುವ ಮೊದಲ ಪ್ರಶ್ನೆ "ರೆಡ್ ಆರ್ ಗ್ರೀನ್?" ಕೆಂಪು ಮೆಣಸಿನಕಾಯಿ ಗೊಜ್ಜೋ ಹಸಿರಿನದ್ದೋ ಎಂದು. ಇದು ಈ ರಾಜ್ಯದ ಅಧಿಕೃತ ಪ್ರಶ್ನೆಯಂತೆ, ತಮಾಷೆಯಲ್ಲ! ಎರಡೂ ಬೇಕಾದರೆ "ಕ್ರಿಸ್ಮಸ್" ಅನ್ನಬೇಕು. ಅಮ್ಮ ಎರಡೂ ಹಾಕಿಸಿಕೊಂಡು "ಖಾರವೇ ಇಲ್ವಲ್ಲೋ" ಅಂದರು. ಸಸ್ಯಾಹಾರಿಗಳು ಹುಷಾರು. ಬೀನ್ಸ್ ಕಾಳು ಬರೀ ಕಾಳೇ ಅಲ್ವಾ ಅಂದುಕೊಳ್ಳಬೇಡಿ, ಕೆಲವು ಕಡೆ ಹಂದಿ ಕೊಬ್ಬಿನಲ್ಲಿ ಬೇಯಿಸುತ್ತಾರೆ. ಕೆಂಪು ಗೊಜ್ಜಿಗೂ ಮಾಂಸ ಬಿದ್ದಿರಬಹುದು. ಬಾಯಿಬಿಟ್ಟು ಕೇಳಿ.

ಜುಲೈ, ಆಗಸ್ಟ್‌ನಲ್ಲಿ ಬರುವವರು ಬೆಟ್ಟದ ಕೆಲಸ ಬೆಳಗ್ಗೆಯೇ ಮುಗಿಸಿಕೊಳ್ಳಿ, ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಸಾಮಾನ್ಯ. ಅಕ್ಟೋಬರ್ ಶುರುವಿನಲ್ಲಿ ಪಕ್ಕದ ಆಲ್ಬುಕರ್ಕಿಯಲ್ಲಿ ದೊಡ್ಡ ಬಲೂನ್ ಹಬ್ಬ, ರೂಮಿನ ಬಾಡಿಗೆ ಏರಿರುತ್ತದೆ, ಮೊದಲೇ ಹಿಡಿಯಿರಿ. ತಾವೋಸ್ ಪ್ವೆಬ್ಲೋಗೆ ಹೊರಡುವ ಮುಂಚೆ ಒಂದು ಫೋನ್ ಮಾಡಿ. ಅವರ ಊರಿನ ಆಚರಣೆ ಇದ್ದ ದಿನ ಹೊರಗಿನವರಿಗೆ ಪ್ರವೇಶವಿಲ್ಲ.