ಫ್ಲೋರೈಡ್ ಜಗಳವೂ ಕೊಡಗಿನ ಬಾವಿ ನೀರೂ

ಹಲ್ಲು ಹುಳುಕಾಗದಿರಲೆಂದು ಕುಡಿಯುವ ನೀರಿಗೆ ಫ್ಲೋರೈಡ್ ಎಂಬ ಲವಣಾಂಶ ಬೆರೆಸಬೇಕೋ ಬೇಡವೋ ಎಂಬ ಅಮೆರಿಕದ ಹಳೇ ಜಗಳ ಮತ್ತೆ ಕಾವೇರಿದೆ. 2025ರಲ್ಲಿ ಯೂಟಾ ರಾಜ್ಯ ಬೆರೆಸುವುದನ್ನೇ ನಿಷೇಧಿಸಿತು, ಅದರ ಬೆನ್ನಿಗೇ ಫ್ಲೋರಿಡಾ. ಅದೇ ವರ್ಷ ಕೆನಡಾದ ಕ್ಯಾಲ್ಗರಿ ನಗರ 2011ರಲ್ಲಿ ನಿಲ್ಲಿಸಿದ್ದನ್ನು ಮತ್ತೆ ಶುರುಮಾಡಿತು. ಈ ಎರಡನೇ ಸುದ್ದಿ ನಮ್ಮ ಮೊಬೈಲಿಗೆ ಬರುವುದಿಲ್ಲ. ಮೊದಲನೆಯದು ಮಾತ್ರ ಫಾರ್ವರ್ಡ್ ಆಗುತ್ತಾ ಆಗುತ್ತಾ “ಫ್ಲೋರೈಡ್ ವಿಷ, ಟೂತ್‌ಪೇಸ್ಟ್ ಬಿಸಾಡಿ” ಎಂಬಲ್ಲಿಗೆ ಬಂದು ನಿಂತಿದೆ. ಕೊಡಗಿನ ಮಕ್ಕಳ ಹಲ್ಲಿಗೆ ಈ ಸಲಹೆಯಿಂದ ನಷ್ಟವೇ. ಯಾಕೆಂದರೆ ಫ್ಲೋರೈಡಿನ ವಿಚಾರದಲ್ಲಿ ಮೊದಲು ಕೇಳಬೇಕಾದದ್ದು ಒಂದೇ: ನೀವು ಕುಡಿಯುವ ನೀರಿನಲ್ಲಿ ಲೀಟರಿಗೆ ಎಷ್ಟು ಮಿಲಿಗ್ರಾಂ ಇದೆ?

ನೀರಿಗೆ ಬೇಕೆಂದೇ ಫ್ಲೋರೈಡ್ ಹಾಕಿದ ಮೊದಲ ಊರು ಮಿಷಿಗನ್ ರಾಜ್ಯದ ಗ್ರ್ಯಾಂಡ್ ರಾಪಿಡ್ಸ್, 1945ರ ಜನವರಿಯಲ್ಲಿ. ಆಗಿನ ಲೆಕ್ಕ ಲೀಟರಿಗೆ ಸುಮಾರು 1 ಮಿಲಿಗ್ರಾಂ. ಆಗ ಫ್ಲೋರೈಡ್ ಪೇಸ್ಟ್ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ, ಹಾಗಾಗಿ ಲಾಭ ಕಣ್ಣಿಗೆ ಕಾಣುವಷ್ಟಿತ್ತು. ಪೇಸ್ಟ್ ಮನೆಮನೆಗೆ ಬಂದಮೇಲೆ ನೀರಿನಿಂದ ಸಿಗುವ ಹೆಚ್ಚುವರಿ ಲಾಭ ತಗ್ಗಿತು. 2015ರಲ್ಲಿ ಅಮೆರಿಕ ತನ್ನ ಶಿಫಾರಸನ್ನು 0.7ಕ್ಕೆ ಇಳಿಸಿತು. 2024ರಲ್ಲಿ ಅಲ್ಲಿನ ರಾಷ್ಟ್ರೀಯ ವಿಷಶಾಸ್ತ್ರ ಕಾರ್ಯಕ್ರಮದ ವರದಿ ಬಂತು: 1.5 ಮಿಲಿಗ್ರಾಂ ಮೀರಿದ ನೀರಿಗೂ ಮಕ್ಕಳ ಬುದ್ಧಿಮಟ್ಟ ತಗ್ಗುವುದಕ್ಕೂ ನಂಟು ಕಾಣುತ್ತದೆ, 0.7ರ ಮಟ್ಟದ ಬಗ್ಗೆ ತೀರ್ಮಾನಿಸಲು ಆಧಾರ ಸಾಲದು ಎಂದು. ಫಾರ್ವರ್ಡ್‌ಗಳಲ್ಲಿ ಈ ಎರಡು ಸಂಖ್ಯೆಗಳೇ ಕಾಣೆ.

ಆ 1.5 ನಮಗೆ ಹೊಸದಲ್ಲ. ಕುಡಿಯುವ ನೀರಿಗೆಂದೇ ಇರುವ ನಮ್ಮ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ 1.0 ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಭಾರತದಲ್ಲಿ ಯಾರೂ ನೀರಿಗೆ ಫ್ಲೋರೈಡ್ ಹಾಕುತ್ತಿಲ್ಲ, ಇಲ್ಲಿನ ತಲೆನೋವು ತೆಗೆಯುವುದು ಹೇಗೆಂಬುದು. ಪಾವಗಡ, ಮುಂಡರಗಿ, ಕೋಲಾರದ ಕಡೆಯ ಬೋರ್‌ವೆಲ್‌ಗಳಲ್ಲಿ ಅದು ಬಂಡೆಯಿಂದಲೇ ಬರುತ್ತದೆ. ಮಳೆ ಕಮ್ಮಿ, ಬೋರ್ ಆಳ, ನೀರು ಗ್ರಾನೈಟಿನ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತಿರುತ್ತದೆ, ಕ್ಷಾರ ಜಾಸ್ತಿ, ಕ್ಯಾಲ್ಸಿಯಂ ಕಮ್ಮಿ. ಕ್ಯಾಲ್ಸಿಯಂ ಇದ್ದರೆ ಫ್ಲೋರೈಡನ್ನು ಹಿಡಿದು ತಳಕ್ಕೆ ಕೂರಿಸುತ್ತದೆ, ಇಲ್ಲದಿದ್ದರೆ ಅದು ನೀರಿನಲ್ಲೇ ಉಳಿಯುತ್ತದೆ. ಆ ಊರುಗಳಲ್ಲಿ ಮಕ್ಕಳ ಹಲ್ಲು ಕಂದುಗಟ್ಟಿರುವುದನ್ನೂ ದೊಡ್ಡವರ ಬೆನ್ನು, ಮಂಡಿ ಬಿಗಿದು ಬಾಗಿರುವುದನ್ನೂ ಕಂಡವರು ಈ ವಿಷಯವನ್ನು ಹಗುರವಾಗಿ ಮಾತನಾಡುವುದಿಲ್ಲ.

ಕೊಡಗಿನ ತೆರೆದ ಬಾವಿ, ಒರತೆ, ತೋಡಿನ ನೀರು ಇದಕ್ಕೆ ತದ್ವಿರುದ್ಧ. ಇಲ್ಲಿ ಬೀಳುವ ಮಳೆ ಮಣ್ಣಿನ ಲವಣಗಳನ್ನು ಲಾಗಾಯ್ತಿನಿಂದ ತೊಳೆದು ಹಾಕಿದೆ, ನೀರು ನೆಲದಡಿ ಹೆಚ್ಚು ಕಾಲ ನಿಲ್ಲುವುದೂ ಇಲ್ಲ. ಮೆದು ನೀರು, ತುಸು ಹುಳಿಯ ಕಡೆಗೆ ವಾಲಿದ್ದು, ಫ್ಲೋರೈಡ್ ಬಲು ಕಮ್ಮಿ ಇರುವಂಥದ್ದು. ಅಂಥ ನೀರಿಗೆ ದುಬಾರಿ ಆರ್‌ಓ ಯಂತ್ರ ಕೂರಿಸಿ ಇರುವ ಚೂರುಪಾರು ಲವಣವನ್ನೂ ತೆಗೆಯುವುದು ದುಡ್ಡು ದಂಡ. ತೆರೆದ ಬಾವಿಗೆ ಬೇಕಾದದ್ದು ಕ್ಲೋರಿನ್, ಇಲ್ಲವೇ ಕುದಿಸುವುದು. ಮಾತು ಬದಲಾಗುವುದು ಪೂರ್ವಕ್ಕೆ ಹೋದಂತೆ. ಕುಶಾಲನಗರ, ಶನಿವಾರಸಂತೆಯ ಕಡೆಗೆ ಮಳೆ ಇಳಿಯುತ್ತದೆ, ಬೋರ್ ಆಳವಾಗುತ್ತದೆ. ಅಲ್ಲಿ ಊಹೆ ಬೇಡ, ಪರೀಕ್ಷೆ ಮಾಡಿಸಿ.

ಹಾಗಾದರೆ ಫ್ಲೋರೈಡ್ ಕಮ್ಮಿ ಇರುವ ನಮ್ಮ ಪಟ್ಟಣಗಳ ನೀರಿಗೆ ಬೆರೆಸಬಾರದೇಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ, ಲೆಕ್ಕ ಹಾಕಿಯೇ ನೋಡೋಣ. ನೀರಿನಲ್ಲಿ ಈಗಾಗಲೇ 0.2 ಇದೆ, ಗುರಿ 0.7 ಎಂದಿಟ್ಟುಕೊಳ್ಳಿ. 10 ಲಕ್ಷ ಲೀಟರಿಗೆ ಸೇರಬೇಕಾದದ್ದು 500 ಗ್ರಾಂ ಫ್ಲೋರೈಡ್. ಸೋಡಿಯಂ ಫ್ಲೋರೈಡ್ ಪುಡಿಯಲ್ಲಿ ಫ್ಲೋರೈಡಿನ ಪಾಲು ಸುಮಾರು 45%, ಹಾಗಾಗಿ ಪುಡಿ 1.1 ಕೆ.ಜಿ. ಈ ಪುಡಿಗೆ ಒಂದು ಅನುಕೂಲವಿದೆ: 100 ಮಿ.ಲೀ. ನೀರಿನಲ್ಲಿ 4 ಗ್ರಾಂ ಕರಗಿತೆಂದರೆ ಹೆಚ್ಚೂಕಮ್ಮಿ ಅಲ್ಲಿಗೆ ಮುಗಿಯಿತು, ನೀರು ಬಿಸಿ ಇರಲಿ ತಣ್ಣಗಿರಲಿ. ಪುಡಿಯ ದಪ್ಪ ಹಾಸಿನ ಮೂಲಕ ನೀರು ಇಳಿಸಿದರೆ ದ್ರಾವಣದ ಹದ ತಾನಾಗಿಯೇ ಲೀಟರಿಗೆ ಸುಮಾರು 18,000 ಮಿಲಿಗ್ರಾಂ ಫ್ಲೋರೈಡಿನಲ್ಲಿ ನಿಲ್ಲುತ್ತದೆ. ಅಂಥ ದ್ರಾವಣ 28 ಲೀಟರ್ ಆದರೆ 10 ಲಕ್ಷ ಲೀಟರಿಗೆ ಸಾಕು.

ಅಪಾಯ ಇರುವುದೂ ಇಲ್ಲೇ. ಆ 28 ಲೀಟರ್ ಹರಿಯುವ ನೀರಿಗೆ ಇಡೀ ದಿನ ಹನಿಹನಿಯಾಗಿ ಬೀಳಬೇಕು. ನೀರಿನ ದೊಡ್ಡ ಪಂಪ್ ನಿಂತು, ದ್ರಾವಣ ಹನಿಸುವ ಸಣ್ಣ ಡೋಸಿಂಗ್ ಪಂಪ್ ಓಡುತ್ತಲೇ ಇದ್ದರೆ ಪೈಪಿನಲ್ಲಿ ನಿಂತ ನೀರು ವಿಷವಾಗುತ್ತದೆ. ಅಲಾಸ್ಕದ ಹೂಪರ್ ಬೇ ಎಂಬ ಹಳ್ಳಿಯಲ್ಲಿ 1992ರಲ್ಲಿ ನೀರಿನ ಫ್ಲೋರೈಡ್ ಲೀಟರಿಗೆ 150 ಮಿಲಿಗ್ರಾಂ ತಲುಪಿ ಸುಮಾರು 300 ಜನ ಹಾಸಿಗೆ ಹಿಡಿದರು, ಒಬ್ಬರು ತೀರಿಕೊಂಡರು. ಇದನ್ನು ತಡೆಯಲು ಡೋಸಿಂಗ್ ಪಂಪಿನ ಕರೆಂಟನ್ನು ನೀರಿನ ಹರಿವಿಗೇ ಕಟ್ಟಿಹಾಕಬೇಕು, ದ್ರಾವಣ ತಾನಾಗಿಯೇ ಪೈಪಿಗೆ ಎಳೆದುಕೊಂಡು ಹೋಗದಂತೆ (ಸೈಫನ್ ಆಗದಂತೆ) ವಾಲ್ವ್ ಬೇಕು, ದಿನವೂ ಮಾದರಿ ತೆಗೆದು ಅಳೆಯುವವರು ಬೇಕು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗಿ ಬಂದು ಆಗುವ ಕೊಡಗಿನಲ್ಲಿ ಇದು ದಿನನಿತ್ಯದ ಪರೀಕ್ಷೆಯೇ ಸರಿ. ಇನ್ನೊಂದು ತೊಡಕು ಆಲಮ್, ಅಂದರೆ ನೀರಿನ ಕೆಸರನ್ನು ತಳಕ್ಕೆ ಕೂರಿಸುವ ಪಟಿಕ. ಹೊಳೆ ಕೆಂಪಾದಾಗ ಆಲಮ್ ಜಾಸ್ತಿ ಹಾಕುತ್ತಾರೆ, ಅದರ ಅಲ್ಯೂಮಿನಿಯಂ ಫ್ಲೋರೈಡನ್ನು ಹಿಡಿದು ಕೆಸರಿನ ಜೊತೆ ಕೂರಿಸುತ್ತದೆ. ಆದ್ದರಿಂದ ಫಿಲ್ಟರ್ ದಾಟಿದಮೇಲೆಯೇ ಬೆರೆಸಬೇಕು. ಇಷ್ಟೆಲ್ಲ ಮಾಡಿದರೂ ಆ ನೀರು ಹೋಗುವುದು ಪಟ್ಟಣದ ನಲ್ಲಿಗೆ. ತೋಟದ ನಡುವಿನ ಮನೆಗೆ ಅದರದ್ದೇ ಬಾವಿ, ತೋಟದ ಕಾರ್ಮಿಕರ ಲೈನ್ ಮನೆಗಳಿಗೆ ತೋಟದ ಕೆರೆಯದ್ದೋ ಬೋರಿನದ್ದೋ ಪೈಪು. ಹುಳುಕು ಹಲ್ಲಿನ ಮಕ್ಕಳು ಅಲ್ಲಿದ್ದರೆ ಪಟ್ಟಣದ ಟ್ಯಾಂಕಿಗೆ ಹಾಕಿದ ಪುಡಿಯಿಂದ ಅವರಿಗೇನು ಬಂತು? ಕೊಡಗಿಗೆ ಇದು ಹೊಂದುವ ದಾರಿಯಲ್ಲ.

ಹೊಂದುವುದು ಪೇಸ್ಟ್. ಸಿಹಿ ತಿಂದಾಗ ಬಾಯಿಯ ಬ್ಯಾಕ್ಟೀರಿಯಾ ಆಮ್ಲ ಬಿಡುತ್ತವೆ, ಅದು ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲಿನಿಂದ ಕ್ಯಾಲ್ಸಿಯಂ ಕರಗಿಸುತ್ತದೆ. ದಿನಕ್ಕೆ ನಾಲ್ಕೈದು ಸಲ ಬೆಲ್ಲದ ಕಾಫಿ ಗುಟುಕರಿಸುವ ಬಾಯಿಗೆ ನಾಲ್ಕೈದು ಸಲ ಈ ದಾಳಿ. ಎಂಜಲಿನಲ್ಲಿ ಸ್ವಲ್ಪ ಫ್ಲೋರೈಡ್ ಇದ್ದರೆ ಕರಗಿದ್ದು ವಾಪಸ್ ಕೂರಲು ನೆರವಾಗುತ್ತದೆ, ಹೀಗೆ ಕೂತ ಪದರ ಆಮ್ಲಕ್ಕೆ ಹೆಚ್ಚು ತಡೆಯುತ್ತದೆ. ಈ ಕೆಲಸ ಮುಖ್ಯವಾಗಿ ನಡೆಯುವುದು ಹಲ್ಲಿನ ಮೇಲ್ಮೈಯಲ್ಲಿ, ನುಂಗಬೇಕಾಗಿಲ್ಲ.

ಪೇಸ್ಟಿನ ಡಬ್ಬಿ ತಿರುಗಿಸಿ ನೋಡಿ. ನಮ್ಮಲ್ಲಿ ಗರಿಷ್ಠ ಮಿತಿ 1000 ಪಿಪಿಎಂ, ಅಂದರೆ 1 ಗ್ರಾಂ ಪೇಸ್ಟಿನಲ್ಲಿ 1 ಮಿಲಿಗ್ರಾಂ ಫ್ಲೋರೈಡ್, ಅದನ್ನು ಟ್ಯೂಬಿನ ಮೇಲೆ ಬರೆಯಲೇಬೇಕು. ಗಿಡಮೂಲಿಕೆಯದ್ದೆಂದು ಮಾರುವ ಹಲವು ಪೇಸ್ಟ್‌ಗಳಲ್ಲಿ, ಇದ್ದಿಲಿನಲ್ಲಿ, ಉಪ್ಪಿನಲ್ಲಿ ಇದು ಇರುವುದಿಲ್ಲ. ಮೊದಲ ಹಲ್ಲು ಬಂದಾಗಿನಿಂದ ಮೂರು ವರ್ಷದವರೆಗೆ ಅಕ್ಕಿ ಕಾಳಿನಷ್ಟು, ಮೂರರಿಂದ ಆರಕ್ಕೆ ಬಟಾಣಿಯಷ್ಟು. ಬಟಾಣಿಯಷ್ಟೆಂದರೆ ಕಾಲು ಗ್ರಾಂ. ಮಗು ಪೂರ್ತಿ ನುಂಗಿದರೂ ಕಾಲು ಮಿಲಿಗ್ರಾಂ. 1.5 ಇರುವ ಬೋರ್ ನೀರು ಎರಡು ಲೀಟರ್ ಕುಡಿದರೆ 3 ಮಿಲಿಗ್ರಾಂ ಒಳಗೆ ಹೋಗುತ್ತದೆ. ಜಾಹೀರಾತಿನಲ್ಲಿ ತೋರಿಸುವ ಹಾಗೆ ಬ್ರಷ್ಷಿನ ಉದ್ದಕ್ಕೂ ಹಚ್ಚುವುದು ಮಾತ್ರ ಮಕ್ಕಳಿಗೆ ಬೇಡ. ಟ್ಯೂಬ್ ದೊಡ್ಡವರ ಕೈಯಲ್ಲಿರಲಿ. ತಿಕ್ಕಿದಮೇಲೆ ಉಗುಳಿಸಿದರೆ ಸಾಕು, ಬಾಯಿ ತುಂಬ ನೀರು ಹಾಕಿ ಮುಕ್ಕಳಿಸಿದರೆ ಔಷಧವೆಲ್ಲ ತೊಳೆದುಹೋಗುತ್ತದೆ. ರಾತ್ರಿ ಮಲಗುವ ಮುಂಚಿನದ್ದನ್ನು ತಪ್ಪಿಸಬೇಡಿ, ನಿದ್ದೆಯಲ್ಲಿ ಎಂಜಲು ಕಮ್ಮಿ.

ಇನ್ನು ಬೋರ್ ನೀರಿನ ಪರೀಕ್ಷೆ. ಜಲಜೀವನ್ ಮಿಷನ್ನಿನಲ್ಲಿ ಹಳ್ಳಿಗಳಿಗೆ ಕಿಟ್ ಕೊಟ್ಟು ಮಹಿಳೆಯರಿಗೆ ತರಬೇತಿ ಕೊಡುವ ವ್ಯವಸ್ಥೆಯಿದೆ, ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ಪಂಪ್ ಹತ್ತು ನಿಮಿಷ ಓಡಿದಮೇಲೆ ನೀರು ಹಿಡಿಯಿರಿ, ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಗಲಬರಿಸಿ. ಕಿಟ್ಟಿನ ಕೊಳವೆಗೆ ಗುರುತಿನವರೆಗೆ ನೀರು, ಆಮೇಲೆ ಕಿಟ್ಟಿನಲ್ಲಿ ಹೇಳಿದಷ್ಟೇ ಹನಿ ದ್ರಾವಣ. ಜಿರ್ಕೋನಿಯಂ–ಕ್ಸೈಲಿನಾಲ್ ಆರೆಂಜ್ ಬಗೆಯ ಕಿಟ್ ಆದರೆ ಬಣ್ಣ ಗುಲಾಬಿಯಾಗೇ ಉಳಿದರೆ ಫ್ಲೋರೈಡ್ ಕಮ್ಮಿ, ಹಳದಿಗೆ ತಿರುಗಿದಷ್ಟೂ ಜಾಸ್ತಿ. ಕಿಟ್ಟಿನ ಬಣ್ಣದ ಪಟ್ಟಿಯ ಜೊತೆ ಹೋಲಿಸುವುದು ಹಗಲು ಬೆಳಕಿನಲ್ಲಿ. ಟ್ಯೂಬ್‌ಲೈಟ್ ಕೆಳಗೆ ಗುಲಾಬಿ, ಹಳದಿಗಳ ನಡುವಿನ ಬಣ್ಣ ಮೋಸ ಮಾಡುತ್ತದೆ. ಕ್ಲೋರಿನ್ ಹಾಕಿದ ನೀರಾದರೆ ಅದು ಬಣ್ಣವನ್ನೇ ಅಳಿಸಿ ಸುಳ್ಳು ಹೇಳುತ್ತದೆ, ಆದ್ದರಿಂದ ಕ್ಲೋರಿನ್ ಹಾಕುವ ಮೊದಲೇ ಮಾದರಿ ತೆಗೆಯಿರಿ. 1.0 ಹತ್ತಿರ ಬಂದರೆ ಕಿಟ್ಟನ್ನು ನಂಬಿ ಕೂರದೆ ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಡಿ. 1.5 ದಾಟಿದ್ದು ಖಚಿತವಾದರೆ ಕುದಿಸಬೇಡಿ, ನೀರು ಆವಿಯಾಗಿ ಉಳಿದದ್ದರಲ್ಲಿ ಫ್ಲೋರೈಡ್ ಇನ್ನಷ್ಟು ಗಟ್ಟಿಯಾಗುತ್ತದೆ. ಕುಡಿಯಲು, ಅನ್ನ ಸಾರಿಗೆ ತೆರೆದ ಬಾವಿಯ ನೀರೋ ಸೋಸಿ ಹಿಡಿದಿಟ್ಟ ಮಳೆನೀರೋ ಬಳಸಿ, ಬೋರ್ ನೀರು ಪಾತ್ರೆ ಬಟ್ಟೆಗೆ, ಕಾಫಿ ಗಿಡಕ್ಕೆ ಇರಲಿ.