ಮಧ್ಯಾಹ್ನವೇ ತೆರೆದ ಕೀ

ಕೆಡಿಎಂ ಅಂದರೆ ಬೀಗ ಹಾಕಿದ ಡಿಜಿಟಲ್ ಸಿನಿಮಾವನ್ನು ಗೊತ್ತುಮಾಡಿದ ಸಮಯದಲ್ಲಿ ಮಾತ್ರ ತೆರೆಯುವ ಕೀ, ಒಂದು ಪುಟ್ಟ ಫೈಲು. ಕೇಳಿದ ಸಮಯಕ್ಕಿಂತ ಮೊದಲೇ ಅದು ಕೆಲಸ ಮಾಡಿದರೆ ಖುಷಿಪಡಬೇಡಿ. ಫೈಲು ತೆರೆದು ನೋಡಿ. ಸಿನಿಮಾ ಉತ್ಸವಗಳಲ್ಲಿ ಪ್ರಿಂಟ್ ಟ್ರಾಫಿಕ್, ಅಂದರೆ ಚಿತ್ರಗಳನ್ನೂ ಅವುಗಳ ಕೀಗಳನ್ನೂ ತರಿಸುವ ಕೆಲಸ, ನೋಡಿಕೊಳ್ಳುವವರಿಗೆ ನಾನು ಹೇಳಬಹುದಾದ ಬುದ್ಧಿಮಾತು ಇಷ್ಟೇ. ಉಳಿದದ್ದೆಲ್ಲ ಗೊಣಗಾಟ.

ನಾನಿರುವುದು ಐರ್ಲೆಂಡಿನಲ್ಲಿ. ಇಲ್ಲಿ ಸಿನಿಮಾ ಉತ್ಸವಗಳಿಗೆ ಬರ ಇಲ್ಲ. ಕಾರ್ಕ್ ಊರಿನದು 1956ರಿಂದ ನಡೆಯುತ್ತಿದೆ, ಆದರೆ ಅದು ನವೆಂಬರ್ ಚಳಿಯಲ್ಲಿ. ಬೇಸಿಗೆಯದು ಅಂದರೆ ಎಲ್ಲರೂ ಹೇಳುವುದು ಗಾಲ್ವೇಯ ಫಿಲ್ಮ್ ಫ್ಲಾ. 1989ರಲ್ಲಿ ಶುರುವಾಗಿದ್ದು, ಜುಲೈನಲ್ಲಿ ನಡೆಯುತ್ತದೆ. ಐರಿಶ್ ಸಿನಿಮಾ ಮಾಡುವವರಿಗೆಲ್ಲ ತಮ್ಮ ಚಿತ್ರ ಅಲ್ಲಿ ಓಡಬೇಕು ಅನ್ನುವ ಆಸೆ. ಊರಿಗೂ 2014ರಲ್ಲಿ ಯುನೆಸ್ಕೋದಿಂದ 'ಸಿನಿಮಾ ನಗರ' ಅನ್ನುವ ಬಿರುದು ಸಿಕ್ಕಿದೆ. ನಾನು ಹೇಳಲು ಹೊರಟಿರುವುದು ಅಲ್ಲಿಯ ಕಥೆಯಲ್ಲ. ಅಲ್ಲಿಗೆ ನಾನು ಹೋಗುವುದು ಟಿಕೆಟ್ ಕೊಂಡು. ನನಗೆ ಕೆಲಸ ಕೊಡುವುದು ಅದೇ ಪಶ್ಚಿಮ ತೀರದ ಇನ್ನೊಂದು ಚಿಕ್ಕ ಉತ್ಸವ. ಹೆಸರು ಬೇಡ. ಮುಂದಿನ ವರ್ಷವೂ ಕೆಲಸ ಬೇಕು.

ಚಿಕ್ಕದಾದರೂ ಪದ್ಧತಿ ಎಲ್ಲ ಕಡೆಯಂತೆಯೇ. ಹಗಲು ಶಾರ್ಟ್ಸ್ ಮತ್ತು ಡಾಕ್ಯುಮೆಂಟರಿ. ಸಂಜೆ ಒಂದು ಐರಿಶ್ ಫೀಚರ್, ಒಂದು ಹೊರದೇಶದ್ದು. ಐರಿಶ್ ಭಾಷೆಯ ಚಿತ್ರವೊಂದು 2023ರ ಆಸ್ಕರ್‌ನಲ್ಲಿ ನಾಮನಿರ್ದೇಶನಗೊಂಡ ಮೇಲೆ ಆ ಭಾಷೆಯಲ್ಲಿ ಶಾರ್ಟ್ ಮಾಡುವ ಹುಡುಗರ ಹುಮ್ಮಸ್ಸೇ ಬೇರೆ. ಹಾಗಾಗಿ ದೊಡ್ಡ ಚಿತ್ರದ ಮುಂದೆ ಒಂದು ಶಾರ್ಟ್ ಸೇರಿಸುವುದು ನಮ್ಮಲ್ಲಿ ರೂಢಿ. ಡ್ರೈವ್‌ಗಳು ಬರುತ್ತವೆ, ಇನ್ನು ಕೆಲವನ್ನು ಡೌನ್‌ಲೋಡ್ ಮಾಡಿಕೊಳ್ಳಬೇಕು. ಒಂದೊಂದು ಫೀಚರ್ ನೂರೈವತ್ತು ಜಿಬಿ ಮೇಲೆಯೇ ಇರುತ್ತದೆ. ಇಡೀ ರಾತ್ರಿ ಇಂಜೆಸ್ಟ್, ಅಂದರೆ ಅವನ್ನು ಸರ್ವರ್‌ಗೆ ತುಂಬಿಸುವುದು. ಬೆಳಿಗ್ಗೆ ಟೆಕ್ ಚೆಕ್, ಅಂದರೆ ಚಿತ್ರ, ಸೌಂಡ್ ಸರಿಯಿದೆಯೇ ಅಂತ ಓಡಿಸಿ ನೋಡುವುದು. ಮಧ್ಯೆ ಎಲ್ಲೋ ಸ್ಯಾಂಡ್‌ವಿಚ್.

ಆ ವರ್ಷ ಪಟ್ಟಿಯಲ್ಲಿ ಒಂದು ಕನ್ನಡ ಸಿನಿಮಾ ಇತ್ತು. ಇದಕ್ಕೆ ನನ್ನದೂ ಒಂದು ಕೈ ಇತ್ತು ಅಂತ ಹೇಳಿಬಿಡುತ್ತೇನೆ. ಪ್ರೋಗ್ರಾಮರ್ ಹತ್ತಿರ ಚಳಿಗಾಲವಿಡೀ ಇದೇ ವಿಷಯ ಕೊರೆದಿದ್ದೆ. ಹೊಸ ನಿರ್ದೇಶಕರ ಮೊದಲ ಚಿತ್ರ. ನಿರ್ಮಾಪಕರಿಗೆ ಪೈರಸಿ ಭಯ. ಕೀ ಪ್ರದರ್ಶನದ ಸಮಯಕ್ಕೆ ಮಾತ್ರ, ಟೆಕ್ ಚೆಕ್‌ಗೆ ಬೇರೆ ಕೊಡುವುದಿಲ್ಲ ಅಂದಿದ್ದರು. ಅವರ ಭಯ ಅವರಿಗೆ, ಸರಿ. ನಾನು ಉತ್ಸವದ ಹೊಸ ಪೋರ್ಟಲ್‌ನಲ್ಲಿ ಸಂಜೆ 5:30ರಿಂದ ರಾತ್ರಿ 11:30 ಅಂತ ತುಂಬಿ, ನಮ್ಮ ಸರ್ವರ್‌ನ ಸರ್ಟಿಫಿಕೇಟ್ (ಕೀ ಯಾವ ಯಂತ್ರಕ್ಕೆ ಅಂತ ಹೇಳುವ ಫೈಲು) ಲಗತ್ತಿಸಿ ಕಳಿಸಿದೆ. ಆ ಪೋರ್ಟಲ್‌ನಲ್ಲಿ ಟೈಮ್‌ಝೋನ್ ಕಾಲಂ ಮೊದಲೇ ತುಂಬಿರುತ್ತಿತ್ತು, ಬದಲಿಸಲು ಬರುತ್ತಿರಲಿಲ್ಲ. ಎಕ್ಸೆಲ್ ಶೀಟ್‌ನಲ್ಲಿ ನೆಮ್ಮದಿಯಾಗಿ ನಡೆಯುತ್ತಿದ್ದ ಕೆಲಸಕ್ಕೆ ಮ್ಯಾನೇಜ್‌ಮೆಂಟ್ ದುಡ್ಡು ಕೊಟ್ಟು ತಂದ ಪೋರ್ಟಲ್ ಅದು. ಬೆಂಗಳೂರಿನ ಲ್ಯಾಬ್‌ನಿಂದ ಎರಡೇ ದಿನದಲ್ಲಿ ಕೆಡಿಎಂ ಬಂತು. ಪೆನ್‌ಡ್ರೈವ್‌ಗೆ ಹಾಕಿ ಸರ್ವರ್‌ಗೆ ಕೊಟ್ಟೆ. ತಕರಾರಿಲ್ಲದೆ ತೆಗೆದುಕೊಂಡಿತು.

ಪ್ರದರ್ಶನದ ದಿನ ಮಧ್ಯಾಹ್ನ ಎರಡರ ಸುಮಾರಿಗೆ ಬೂತ್‌ನಲ್ಲಿದ್ದೆ. ಸುಮ್ನೆ ಒಂದು ಸಲ ಪ್ಲೇ ಒತ್ತಿದೆ. ಲಾಕ್ ಇರುತ್ತದೆ ಅಂತ ಗೊತ್ತಿದ್ದೂ ಒತ್ತಿದ್ದು. ಚಿತ್ರ ಶುರುವಾಗಿಬಿಟ್ಟಿತು. ಬಣ್ಣ ಚೆನ್ನಾಗಿತ್ತು, ಸಬ್‌ಟೈಟಲ್ ಸರಿಯಾದ ಜಾಗದಲ್ಲಿತ್ತು, ಐದೂ ಚಾನೆಲ್‌ನಲ್ಲಿ ಸೌಂಡ್ ಬರುತ್ತಿತ್ತು. ನನಗೆ ಎಷ್ಟು ಸಂತೋಷ ಅಂದರೆ, ಲ್ಯಾಬ್‌ನವರು ನಮ್ಮ ಮೇಲೆ ದಯೆ ತೋರಿಸಿ ಟೆಕ್ ಚೆಕ್‌ಗೂ ಸೇರಿಸಿ ಕೊಟ್ಟಿದ್ದಾರೆ ಅಂದುಕೊಂಡೆ. ನಮ್ಮವರಲ್ವಾ, ಅರ್ಥ ಮಾಡಿಕೊಂಡಿದ್ದಾರೆ ಅಂತ. ಕೆಡಿಎಂ ಅನ್ನುವುದು ಯಾರ ಮೇಲೂ ದಯೆ ತೋರಿಸುವ ವಸ್ತುವಲ್ಲ. ಸಂಜೆ ಐದೂವರೆಗೆ ತೆರೆಯಬೇಕಾದ ಕೀ ಎರಡಕ್ಕೇ ತೆರೆದಿದೆ ಅಂದರೆ ಎಲ್ಲೋ ಏನೋ ಜಾರಿದೆ. ಆ ಪ್ರಶ್ನೆ ಕೇಳಿಕೊಳ್ಳಲು ಎರಡು ನಿಮಿಷ ಸಾಕಿತ್ತು. ನಾನು ಕಾಫಿ ಕುಡಿಯಲು ಹೋದೆ.

ಪ್ರದರ್ಶನ 6:30ಕ್ಕೆ. ಹಾಲ್ ತುಂಬಿತ್ತು. ಆಸ್ಪತ್ರೆ ಡ್ಯೂಟಿ ಮುಗಿಸಿ ಬಂದ ಮಲಯಾಳಿ ನರ್ಸ್‌ಗಳು, ಲಿಮೆರಿಕ್‌ನಿಂದ ಕಾರು ಮಾಡಿಕೊಂಡು ಬಂದ ಕನ್ನಡದ ಕುಟುಂಬಗಳು, ವರ್ಷ ವರ್ಷ ಬರುವ ಊರಿನ ಹಿರಿಯರು. ಪ್ಲೇಲಿಸ್ಟ್ ಹೀಗಿತ್ತು: ಹೋಲ್ಡ್ ಸ್ಲೈಡ್, ಪ್ರಾಯೋಜಕರ ರೀಲ್, 17 ನಿಮಿಷದ ಐರಿಶ್ ಭಾಷೆಯ ಶಾರ್ಟ್, ಆಮೇಲೆ ನಮ್ಮ ಸಿನಿಮಾ. ಶಾರ್ಟ್ ಮಾಡಿದ ಹುಡುಗ ಪಕ್ಕದ ಹಳ್ಳಿಯವನು. ಅದರಲ್ಲಿ ಅಜ್ಜಿಯ ಪಾತ್ರ ಮಾಡಿದ್ದು ಅವನ ಸ್ವಂತ ಅಜ್ಜಿ. ಹಳ್ಳಿಯಿಂದ ಒಂದು ಮಿನಿಬಸ್ ಮಾಡಿಕೊಂಡು ಎಲ್ಲರೂ ಬಂದಿದ್ದರು.

6:25ಕ್ಕೆ ಸರ್ವರ್ ಪರದೆ ನೋಡಿದೆ. ಫೀಚರ್‌ನ ಪಕ್ಕ ಕಿತ್ತಳೆ ಗುರುತು. ಕೀ ಮುಗಿಯುವುದು 19:00.

ಮೊದಲು ಬಂದ ಯೋಚನೆ, ಸರ್ವರ್‌ನ ಗಡಿಯಾರ ತಪ್ಪಿದೆ. ಫೋನ್ ಪಕ್ಕ ಇಟ್ಟು ನೋಡಿದೆ, ಸರಿಯಾಗಿಯೇ ಇತ್ತು. ಪೆನ್‌ಡ್ರೈವನ್ನು ಲ್ಯಾಪ್‌ಟಾಪ್‌ಗೆ ಹಾಕಿ ಕೆಡಿಎಂ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದೆ. ಶುರು 17:30, ಕೊನೆ 23:30. ನಾನು ಕೇಳಿದ್ದೇ. ಎರಡರ ಬಾಲದಲ್ಲೂ +05:30 ಅಂತ ಇತ್ತು.

ಪೋರ್ಟಲ್‌ನ ಆ ತುಂಬಿದ ಕಾಲಂನಲ್ಲಿ ಇದ್ದದ್ದು ಐಎಸ್‌ಟಿ. ಇಲ್ಲಿ ಅದು ಐರಿಶ್ ಸ್ಟ್ಯಾಂಡರ್ಡ್ ಟೈಮ್. ಬ್ರಿಟನ್ನಿನವರು ಬೇಸಿಗೆಯಲ್ಲಿ ಒಂದು ಗಂಟೆ ಮುಂದೆ ಹೋಗಿ ಅದಕ್ಕೆ ಬೇಸಿಗೆ ಸಮಯ ಅನ್ನುತ್ತಾರೆ. ಇಲ್ಲಿಯವರು 1968ರ ಕಾನೂನಿನಲ್ಲಿ ಅದನ್ನೇ ದೇಶದ ಅಧಿಕೃತ ಸಮಯ ಮಾಡಿಕೊಂಡರು. 1971ರ ತಿದ್ದುಪಡಿಯಲ್ಲಿ ಚಳಿಗಾಲಕ್ಕೆ ಒಂದು ಗಂಟೆ ಹಿಂದೆ ಹೋಗುತ್ತೇವೆ ಅಂತ ಸೇರಿಸಿದರು. 1916ರವರೆಗೆ ಡಬ್ಲಿನ್‌ನ ಗಡಿಯಾರ ಲಂಡನ್‌ಗಿಂತ 25 ನಿಮಿಷ ಹಿಂದೆಯೇ ಓಡುತ್ತಿತ್ತಂತೆ, ಇವರ ಸಮಯದ ಕಥೆ ಯಾವತ್ತೂ ಸರಳವಲ್ಲ. ಬೆಂಗಳೂರಿನ ಲ್ಯಾಬ್‌ನವರಿಗೆ ಇದೆಲ್ಲ ಯಾಕೆ ಗೊತ್ತಿರಬೇಕು? ಅವರಿಗೆ ಐಎಸ್‌ಟಿ ಅಂದರೆ ಒಂದೇ, ಇಂಡಿಯನ್ ಸ್ಟ್ಯಾಂಡರ್ಡ್ ಟೈಮ್, ಅದೇ ಆ +05:30. ಜುಲೈನಲ್ಲಿ ಎರಡಕ್ಕೂ ನಾಲ್ಕೂವರೆ ಗಂಟೆ ಅಂತರ. ಅಲ್ಲಿಯ ಸಂಜೆ ಐದೂವರೆ ಇಲ್ಲಿಯ ಮಧ್ಯಾಹ್ನ ಒಂದು. ಅಲ್ಲಿಯ ರಾತ್ರಿ ಹನ್ನೊಂದೂವರೆ ಇಲ್ಲಿಯ ಸಂಜೆ ಏಳು. ಎರಡೂ ಐಎಸ್‌ಟಿಯಲ್ಲಿ ಬದುಕಿದವನು ಆ ಕಟ್ಟಡದಲ್ಲಿ ನಾನೊಬ್ಬನೇ. ಅದನ್ನು ನೋಡಿ ಕಳಿಸಿದವನೂ ನಾನೇ.

ಇಲ್ಲಿ ಎರಡನೇ ಎಡವಟ್ಟು. ಹೊಸ ಕೀ ತರಿಸಿದರಾಯಿತು ಅಂದುಕೊಂಡೆ. ಕೆಡಿಎಂ ಪುಟ್ಟ ಫೈಲು, ಮೇಲ್‌ನಲ್ಲಿ ಬರುತ್ತದೆ, ಮಾಡಲು ಐದು ನಿಮಿಷ ಸಾಕು. ಕೂತು ಮಾಡುವವರು ಎದ್ದಿರಬೇಕು ಅಷ್ಟೇ. ಬೆಂಗಳೂರಿನಲ್ಲಿ ಆಗ ರಾತ್ರಿ ಹನ್ನೊಂದು. ಲ್ಯಾಬ್‌ಗೆ ಫೋನ್ ಮಾಡಿದೆ, ರಿಂಗ್ ಆಗುತ್ತಲೇ ಇತ್ತು. ನಿರ್ಮಾಪಕರಿಗೆ ಮಾಡಿದೆ. ಮೂರನೇ ಸಲಕ್ಕೆ ಎತ್ತಿ, "ಲ್ಯಾಬ್ ಹುಡುಗನ ಪರ್ಸನಲ್ ನಂಬರ್ ಹುಡುಕ್ತೀನಿ ಸರ್, ಎರಡೇ ನಿಮಿಷ" ಅಂದರು. ಆ ಎರಡು ನಿಮಿಷಕ್ಕೆ ಕಾಯುತ್ತಾ ಫೋನ್ ಹಿಡಿದು ನಿಂತೆ. ಕೆಳಗೆ ಪ್ರಾಯೋಜಕರ ಭಾಷಣ ಶುರುವಾಗಿತ್ತು. ನನ್ನ ಜೊತೆ ಇದ್ದ ಪ್ರೊಜೆಕ್ಷನಿಸ್ಟ್ "ಪ್ಲೇಲಿಸ್ಟ್ ಬದಲಿಸೋಣವಾ?" ಅಂತ ಒಂದು ಸಲ ಕೇಳಿದ. ಕೈಸನ್ನೆಯಲ್ಲೇ ತಡಿ ಅಂದೆ.

ಗಡಿಯಾರ ನೋಡಿದಾಗ 6:48. ಶಾರ್ಟ್ ಮೊದಲು ಹಾಕಿದರೆ ಅದು ಏಳು ದಾಟುತ್ತದೆ, ಫೀಚರ್ ತೆರೆಯುವುದೇ ಇಲ್ಲ. ಹತ್ತು ನಿಮಿಷ ಮೊದಲು ಈ ಲೆಕ್ಕ ಹಾಕಿದ್ದರೆ, ಭಾಷಣವನ್ನು ಕೊನೆಗೆ ತಳ್ಳಿ ಎರಡನ್ನೂ ಕ್ರಮವಾಗಿ ತೋರಿಸಬಹುದಿತ್ತು. ಈಗ ಉಳಿದದ್ದು ಒಂದೇ ದಾರಿ. ಫೀಚರ್ ಮೊದಲು, ಅದೂ ಏಳರೊಳಗೆ.

ಏಳರೊಳಗೆ ಶುರುವಾದರೆ ಸಾಕೇ? ಡಿಸಿಐ, ಅಂದರೆ ಡಿಜಿಟಲ್ ಸಿನಿಮಾ ಯಂತ್ರಗಳೆಲ್ಲ ಪಾಲಿಸಬೇಕಾದ ನಿಯಮದ ಪ್ರಕಾರ ಸಾಕು. ಕೀಯ ಅವಧಿಯೊಳಗೆ ಶುರುವಾದ ಚಿತ್ರ ಅವಧಿ ಮುಗಿದ ಮೇಲೂ ಆರು ಗಂಟೆಯವರೆಗೆ ಓಡಬಹುದು. ಇದನ್ನು ನಾನು ಓದಿದ್ದೆ, ಕಣ್ಣಾರೆ ಕಂಡಿರಲಿಲ್ಲ. ಪ್ರೊಜೆಕ್ಷನಿಸ್ಟ್ ತಲೆ ಅಲ್ಲಾಡಿಸಿದ. ಹಿಂದೆ ಬೇರೆಲ್ಲೋ ಹಳೆಯ ಸಾಫ್ಟ್‌ವೇರ್‌ನಲ್ಲಿ ಚಿತ್ರ ನಿಂತುಹೋದದ್ದನ್ನು ನೋಡಿದ್ದನಂತೆ. ಅದು ನಿಜವೋ ಸುಳ್ಳೋ, ಅಂಥ ಹೊತ್ತಿನಲ್ಲಿ ಹೇಳುವ ಮಾತಲ್ಲ.

ವಾಕಿಯಲ್ಲಿ ಕೆಳಗೆ ಹಾಲ್ ನೋಡಿಕೊಳ್ಳುವ ಫ್ರಂಟ್ ಆಫ್ ಹೌಸ್‌ಗೆ ಹೇಳಿದೆ, 6:56ಕ್ಕೆ ಭಾಷಣ ಮುಗಿಯಬೇಕು. "ಅವರು ಟೈಟಲ್ ಸ್ಪಾನ್ಸರ್" ಅಂತ ಉತ್ತರ ಬಂತು. ಇನ್ನೊಂದು ಸಲ ಹೇಳಿದೆ. "ಚಿಕ್ಕವರಿದ್ದಾಗ ನೋಡಿದ ಮೊದಲ ಸಿನಿಮಾ ಬಗ್ಗೆ ಹೇಳ್ತಿದ್ದಾರೆ, ಮಧ್ಯೆ ಹೇಗೆ ನಿಲ್ಲಿಸೋದು?" ನಮ್ಮ ಕಡೆ ಸಮಾರಂಭಗಳಲ್ಲಿ ಅಧ್ಯಕ್ಷರಿಗೆ ಚೀಟಿ ಕಳಿಸಿದರೆ ಅವರು ಅದನ್ನು ಓದಿ, ಮಡಚಿ ಜೇಬಿಗಿಟ್ಟು ಮುಂದುವರಿಸುತ್ತಾರಲ್ಲ, ಇಲ್ಲೂ ಹಾಗೇ ಆಯಿತು. ವಾಲಂಟಿಯರ್ ಕೊಟ್ಟ ಚೀಟಿಯನ್ನು ಅವರು ಪೋಡಿಯಂ ಮೇಲಿಟ್ಟು, ಅದರ ಮೇಲೆ ನೀರಿನ ಲೋಟ ಇಟ್ಟರು.

ಕೊನೆಗೆ ಪ್ರೊಜೆಕ್ಷನಿಸ್ಟ್ ಯಾರನ್ನೂ ಕೇಳದೆ ಹೌಸ್ ಲೈಟ್ ಇಳಿಸಲು ಶುರು ಮಾಡಿದ. ಮೆಲ್ಲಗೆ, ಅರ್ಧಕ್ಕೆ, ಕಾಲಿಗೆ. ಜನ ತಾವಾಗಿಯೇ ಚಪ್ಪಾಳೆ ತಟ್ಟಿದರು. ಪ್ರಾಯೋಜಕರು ಕತ್ತಲಲ್ಲಿ ಥ್ಯಾಂಕ್ಸ್ ಹೇಳಿದರು. ವೇದಿಕೆಯ ಪಕ್ಕ ಮೈಕ್‌ಗಾಗಿ ಕಾಯುತ್ತಿದ್ದ ಶಾರ್ಟ್‌ನ ಹುಡುಗ ಆಚೆ ಈಚೆ ನೋಡುತ್ತಿದ್ದ. ಅವನಿಗೆ ಯಾರೂ ಏನೂ ಹೇಳಿರಲಿಲ್ಲ. 6:58ಕ್ಕೆ ಪ್ಲೇ ಒತ್ತಿದೆ. ರೀಲ್ ಇಲ್ಲ, ಶಾರ್ಟ್ ಇಲ್ಲ, ನೇರವಾಗಿ ಕನ್ನಡ ಸಿನಿಮಾ.

ಮುಂದಿನ ಎರಡು ನಿಮಿಷ ನಾವಿಬ್ಬರೂ ಪರದೆ ನೋಡಲಿಲ್ಲ, ಸರ್ವರ್‌ನ ಸೆಕೆಂಡುಗಳನ್ನು ನೋಡಿದೆವು. 18:59:58. 18:59:59. 19:00:00. ಗುರುತು ಕಿತ್ತಳೆಯಿಂದ ಕೆಂಪಾಯಿತು. ಬೂತ್‌ನ ಕಿಟಕಿಯಿಂದ ಹಾಲ್ ನೋಡಿದೆ. ಬೆಳಕು ಇತ್ತು. ಯಾರೋ ನಕ್ಕರು, ಅಂದರೆ ಸೌಂಡೂ ಇತ್ತು. 19:03ರವರೆಗೂ ನಾನು ಉಸಿರು ಪೂರ್ತಿ ಬಿಟ್ಟ ನೆನಪಿಲ್ಲ. ಪುಸ್ತಕದ ನಿಯಮ ನಿಜವಾಗಿತ್ತು.

7:20ಕ್ಕೆ ಲ್ಯಾಬ್ ಹುಡುಗನ ಫೋನ್. ನಿದ್ದೆಗಣ್ಣಿನ ದನಿ.

"ಸರ್, ಹೊಸ ಕೀ ಮೇಲ್ ಮಾಡಿದೀನಿ. ಆದ್ರೆ ಹಳೇದ್ರಲ್ಲಿ ಏನು ಪ್ರಾಬ್ಲಂ?"

"ಟೈಮ್ ತಪ್ಪಾಗಿತ್ತಪ್ಪ."

"ಐಎಸ್‌ಟಿ ಅಂತ ನೀವೇ ಹಾಕಿದ್ರಲ್ಲ ಸರ್?"

"ಇಲ್ಲೂ ಐಎಸ್‌ಟಿ ಇದೆ."

ಸ್ವಲ್ಪ ಹೊತ್ತು ಸುಮ್ಮನಿದ್ದ. "ಅಲ್ಲೂ ನಮ್ದೇ ಟೈಮಾ ಸರ್?" ಅಂದ. ಬೈಯಬೇಕು ಅಂತ ಫೋನ್ ಎತ್ತಿದ್ದೆ. ನಕ್ಕು ಇಟ್ಟೆ.

ಸಿನಿಮಾ ಮುಗಿದಾಗ ಒಂಬತ್ತಕ್ಕೆ ಹತ್ತಿರ. ಜುಲೈ ಆದ್ದರಿಂದ ಹೊರಗೆ ಇನ್ನೂ ಒಳ್ಳೆ ಬೆಳಕು, ಜನಕ್ಕೆ ಒಳಗೆ ಕೂರುವ ಮನಸ್ಸಿಲ್ಲ. ಲಿಮೆರಿಕ್‌ನವರು ಹಾಲ್‌ನ ಹೊರಗೆ ನಿಂತು ಫೋಟೊ ತೆಗೆಸಿಕೊಂಡರು, ನನಗೆ ಕೈ ಕುಲುಕಿದರು, ಬಹಳ ಚೆನ್ನಾಗಿ ನಡೀತು ಅಂದರು. ಒಳಗೆ ಶಾರ್ಟ್ ಓಡುತ್ತಿತ್ತು, ಮುಕ್ಕಾಲು ಸೀಟು ಖಾಲಿ. ಮಿನಿಬಸ್‌ನ ಡ್ರೈವರ್‌ಗೆ ಇನ್ನೊಂದು ಟ್ರಿಪ್ ಇತ್ತಂತೆ. ಅಜ್ಜಿ ನಮ್ಮ ಸಿನಿಮಾವನ್ನು ಒಂದು ಗಂಟೆ ನೋಡಿ, ತನ್ನದು ಬರುವ ಮೊದಲೇ ಎದ್ದು ಹೋಗಿದ್ದರು.

ಹುಡುಗನ ಹತ್ತಿರ ಹೋಗಿ ನಡೆದದ್ದು ಹೇಳಿದೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಹಾಲ್ ಖಾಲಿ ಇರುತ್ತದೆ, ಅಜ್ಜಿಯನ್ನು ಕರೆತಂದರೆ ಅವರಿಗಾಗಿಯೇ ಹಾಕುತ್ತೇನೆ ಅಂದೆ. ಅವನು ಇಲ್ಲಿಯವರ ರೀತಿಯಲ್ಲೇ, ಪರವಾಗಿಲ್ಲ ಬಿಡಿ, ತೊಂದರೆ ಏನಿಲ್ಲ ಅಂದ. ಬೆಳಿಗ್ಗೆ ಯಾರೂ ಬರಲಿಲ್ಲ.

ಶಾರ್ಟ್‌ಗೆ ಕೀ ಬೇಕಿರಲಿಲ್ಲ, ಯಾವಾಗ ಬೇಕಾದರೂ ಓಡುತ್ತಿತ್ತು. ಕೊನೆಗೆ ತಳ್ಳಬೇಕಾದದ್ದು ಅದನ್ನೇ. ಲೆಕ್ಕ ಸರಿ. ಆದರೆ ಫೀಚರ್ ಬೇರೆ ಯಾವುದೋ ಭಾಷೆಯದಾಗಿದ್ದರೆ ಅಷ್ಟು ಹೊತ್ತು ಫೋನ್ ಹಿಡಿದು ನಿಲ್ಲುತ್ತಿದ್ದೆನೇ? ಅಥವಾ ಮೊದಲೇ ತಣ್ಣಗೆ ಲೆಕ್ಕ ಹಾಕುತ್ತಿದ್ದೆನೇ? ಈ ಪ್ರಶ್ನೆಗೆ ನನ್ನ ಹತ್ತಿರ ಚೆನ್ನಾಗಿರುವ ಉತ್ತರ ಇಲ್ಲ.

ಈಗ ಕೀ ಕೇಳುವಾಗ ಪೋರ್ಟಲ್‌ನಲ್ಲಿ ತುಂಬಿದ ಮೇಲೂ ಪ್ರತ್ಯೇಕ ಮೇಲ್ ಬರೆಯುತ್ತೇನೆ, ಯುಟಿಸಿಯಲ್ಲಿ, ಅಂದರೆ ಎಲ್ಲ ದೇಶಕ್ಕೂ ಒಂದೇ ಆದ ಸಮಯದಲ್ಲಿ. ಬಂದ ಕೂಡಲೇ ನೋಟ್‌ಪ್ಯಾಡ್‌ನಲ್ಲಿ ತೆರೆದು ಬಾಲ ನೋಡುತ್ತೇನೆ. ಭಾಷಣ ಇರುವ ದಿನ ಸ್ಟೇಜ್ ಮೈಕ್‌ನ ಫೇಡರ್ (ದನಿ ಏರಿಸಿ ಇಳಿಸುವ ಗುಂಡಿ) ಬೂತ್‌ನಲ್ಲೇ ಇರಲಿ ಅಂತ ಕೇಳಿದ್ದೆ, ಕೊಡಲಿಲ್ಲ. ಟೈಮ್‌ಝೋನ್ ಕಾಲಂ ಬದಲಿಸಿ ಅಂತಲೂ ಕೇಳಿದ್ದೆ. ಅದಕ್ಕೆ ಚೇಂಜ್ ರಿಕ್ವೆಸ್ಟ್ ಹಾಕಬೇಕಂತೆ, ವೆಂಡರ್ ಬೇರೆ ದುಡ್ಡು ಕೇಳುತ್ತಾರಂತೆ, ಮುಂದಿನ ಬಜೆಟ್‌ನಲ್ಲಿ ನೋಡೋಣ ಅಂದರು. ಆ ವರ್ಷದ ವರದಿಯಲ್ಲಿ ನಮ್ಮ ಸಂಜೆಗೆ ಎರಡು ಸಾಲು ಸಿಕ್ಕಿತು. ಪ್ರದರ್ಶನದ ಕ್ರಮದಲ್ಲಿ ಸಣ್ಣ ಬದಲಾವಣೆ. ಪ್ರಾಯೋಜಕರ ಭಾಷಣಕ್ಕೆ ಪ್ರೇಕ್ಷಕರಿಂದ ಉತ್ತಮ ಪ್ರತಿಕ್ರಿಯೆ.