ಆ ಸೊನ್ನೆ ಡಿಗ್ರಿ ಎಲ್ಲಿಂದ ಬಂತು?

ಕೋಲ್ಡ್ ಸ್ಟೋರೇಜ್‌ಗಳ ಸೆನ್ಸರ್ ಡೇಟಾ ಓದುವ ಒಂದು ಸ್ಪಾರ್ಕ್ ಜಾಬ್ (ದೊಡ್ಡ ಡೇಟಾವನ್ನು ಹಲವು ಯಂತ್ರಗಳಿಗೆ ಹಂಚಿ ಸಂಸ್ಕರಿಸುವ ಪ್ರೋಗ್ರಾಂ) ನನ್ನ ಪಾಲಿಗೆ ಬಂತು. ಬರೆದವರು ಬೇರೆ ಕೆಲಸಕ್ಕೆ ಹೋಗಿದ್ದರು. ಜಾಬ್ ಫೇಲ್ ಆಗುತ್ತಿರಲಿಲ್ಲ. ದೂರು ಒಂದೇ: ಕೆಲವು ಕೋಣೆಗಳ ಸರಾಸರಿ ತಾಪಮಾನ ಇರಬೇಕಾದ್ದಕ್ಕಿಂತ ಕಡಿಮೆ ಬರುತ್ತಿತ್ತು.

ಕೋಡ್ ಸ್ಕಾಲಾ ಭಾಷೆಯಲ್ಲಿತ್ತು. ಪ್ರತಿ ಸಾಲಿನ ಮೇಲೂ ಓಡುವ ಮ್ಯಾಪ್ ಒಳಗೆ ಒಂದೊಂದೇ ರೋ (ಸಾಲು) ಹಿಡಿದು, ಕಾಲಂ ಹೆಸರು ಕೊಟ್ಟು, ಮೌಲ್ಯ ತೆಗೆದುಕೊಡುವ ಗೆಟ್‌ಆಸ್ ಕರೆದು, ಬಂದದ್ದನ್ನು ‘ರೀಡಿಂಗ್’ ಎಂಬ ಕೇಸ್ ಕ್ಲಾಸ್‌ಗೆ (ಫೀಲ್ಡ್‌ಗಳ ಹೆಸರು, ಟೈಪ್ ಮೊದಲೇ ಗೊತ್ತುಮಾಡಿದ ಅಚ್ಚು) ತುಂಬುತ್ತಿದ್ದರು. ಸೆನ್ಸರ್ ಸಂಪರ್ಕ ತಪ್ಪಿದಾಗ ತಾಪಮಾನದ ಜಾಗದಲ್ಲಿ ನಲ್, ಅಂದರೆ ‘ಮೌಲ್ಯವೇ ಇಲ್ಲ’ ಎಂಬ ಗುರುತು, ಬರುತ್ತದೆ. ಗೆಟ್‌ಡಬಲ್ ಆಗಿದ್ದರೆ ಅಲ್ಲೇ ಎಕ್ಸೆಪ್ಶನ್ ಎಸೆಯುತ್ತಿತ್ತು. ಗೆಟ್‌ಆಸ್ ಹಾಗಲ್ಲ. ಡಬಲ್ (ದಶಮಾಂಶ ಸಂಖ್ಯೆ) ಕೇಳಿದರೆ ನಲ್ ಸುಮ್ನೆ 0.0 ಆಗಿ ಕೈಗೆ ಬರುತ್ತದೆ. ನಲ್ ಇದೆಯೇ ಎಂದು ಮೊದಲು ಈಸ್‌ನಲ್‌ಅಟ್ ಕರೆದು ನೋಡಿಕೊಳ್ಳಿ ಎಂದು ಸ್ಪಾರ್ಕ್ ದಾಖಲೆಯಲ್ಲೇ ಬರೆದಿದ್ದಾರೆ, ಆದರೆ ಅಷ್ಟು ದೂರ ಯಾರು ಓದುತ್ತಾರೆ! ಮೇಲಾಗಿ ಕೋಲ್ಡ್ ಸ್ಟೋರೇಜ್‌ನಲ್ಲಿ ಸೊನ್ನೆ ಡಿಗ್ರಿ ಕಂಡರೆ ಯಾರಿಗೆ ತಾನೇ ಅನುಮಾನ ಬರುತ್ತದೆ?

ಆ ಮ್ಯಾಪ್ ಕಿತ್ತು ಹಾಕಿ, ಡೇಟಾಫ್ರೇಮ್ (ಸ್ಪಾರ್ಕ್‌ನ ಕೋಷ್ಟಕ) ಮೇಲೆ ನೇರವಾಗಿ ‘ಆಸ್’ ಬರೆದು ರೀಡಿಂಗ್‌ಗಳ ಡೇಟಾಸೆಟ್ (ಪ್ರತಿ ಸಾಲಿಗೂ ಕ್ಲಾಸ್‌ನ ಟೈಪ್ ಇರುವ ಕೋಷ್ಟಕ) ಮಾಡಿದೆ. ಒಂದು ಟಾಸ್ಕ್ ಕೂಡ ಓಡುವ ಮೊದಲೇ ತಕರಾರು ಬಂತು: ಬಿಗ್‌ಇಂಟ್ (ದೊಡ್ಡ ಪೂರ್ಣಾಂಕ, ಸ್ಕಾಲಾದಲ್ಲಿ ಲಾಂಗ್) ಅನ್ನು ಇಂಟ್ (ಚಿಕ್ಕ ಪೂರ್ಣಾಂಕ) ಮಾಡಲಾಗದು, ಅಂಕಿ ಕತ್ತರಿಸಿ ಹೋಗಬಹುದು. ಮೂಲ ಡೇಟಾ ಜೇಸನ್ ಎಂಬ ಪಠ್ಯ ರೂಪದಲ್ಲಿತ್ತು, ಅದನ್ನು ಸ್ಪಾರ್ಕ್‌ನಲ್ಲಿ ಓದಿ ಪಾರ್ಕೆ (ಕಾಲಂವಾರು ಇಡುವ) ಫೈಲ್‌ಗಳಾಗಿ ಬರೆದಿಟ್ಟಿದ್ದರು. ಜೇಸನ್‌ನ ಪೂರ್ಣಾಂಕಗಳನ್ನು ಸ್ಪಾರ್ಕ್ ಲಾಂಗ್ ಎಂದೇ ಓದುತ್ತದೆ. ಹಳೆಯ ಕೋಡ್ ರೀಡಿಂಗ್‌ನ ಕ್ರಮಸಂಖ್ಯೆಯನ್ನು ಟುಇಂಟ್ ಮಾಡಿ ತುರುಕಿತ್ತು. 2,14,74,83,647 ದಾಟಿದ ದಿನ ಅದು ಮೈನಸ್‌ಗೆ ಹೋಗುತ್ತಿತ್ತು. ಕ್ಲಾಸ್‌ನಲ್ಲೇ ಲಾಂಗ್ ಮಾಡಿದೆ.

ಮತ್ತೆ ಓಡಿಸಿ ಕೌಂಟ್ ತೆಗೆದೆ. ಎಲ್ಲ ಸರಿ ಇತ್ತು! ಖುಷಿಪಡುವ ಹಾಗಿರಲಿಲ್ಲ, ಯಾಕೆಂದರೆ ಬರೀ ಎಣಿಸಲು ಸ್ಪಾರ್ಕ್ ರೀಡಿಂಗ್ ಆಬ್ಜೆಕ್ಟ್ ಕಟ್ಟುವುದೇ ಇಲ್ಲ. ಎಚ್ಚರಿಕೆ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವ ಫಂಕ್ಷನ್‌ಗೆ ರೀಡಿಂಗ್‌ಗಳನ್ನು ಕೊಟ್ಟಾಗಲೇ ಜಾಬ್ ಬಿತ್ತು. ನಲ್ ಇರಬಾರದ ಫೀಲ್ಡ್‌ನಲ್ಲಿ ನಲ್ ಬಂದಿದೆ, ಆಪ್ಶನ್ (ಮೌಲ್ಯ ಇರಬಹುದು, ಇಲ್ಲದಿರಬಹುದು ಎನ್ನುವ ಟೈಪ್) ಬಳಸಿ ನೋಡಿ ಎಂದಿತು. ಇಷ್ಟು ಕಾಲ ಮುಚ್ಚಿಹೋಗಿದ್ದದ್ದು ಫೀಲ್ಡ್ ಹೆಸರಿನ ಸಮೇತ ಪರದೆ ಮೇಲಿತ್ತು. ತಾಪಮಾನವನ್ನು ಆಪ್ಶನ್ ಡಬಲ್ ಮಾಡಿದೆ. ಆಪ್ಶನ್ ಖಾಲಿ (None) ಇದ್ದ ಕಡೆ ಕಾಲಂನಲ್ಲಿ ನಲ್ ಉಳಿಯುತ್ತದೆ, ಸರಾಸರಿ ತೆಗೆಯುವಾಗ ಸ್ಪಾರ್ಕ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕೋಣೆಗಳ ತಾಪಮಾನ ಸರಿಹೋಯಿತು.

ಟೈಪ್ ಇದ್ದ ಮಾತ್ರಕ್ಕೆ ಎಲ್ಲ ಕಡೆ ಆಬ್ಜೆಕ್ಟ್ ಬೇಕು ಅಂತಲ್ಲ. ಒಂದೇ ಕೋಣೆಯ ಡೇಟಾ ಆರಿಸುವ ಫಿಲ್ಟರ್ ಕೂಡ ಲ್ಯಾಂಬ್ಡಾದಲ್ಲಿತ್ತು (ಹೆಸರಿಲ್ಲದ ಪುಟ್ಟ ಫಂಕ್ಷನ್), ತುಂಬ ನಿಧಾನ. ಸ್ಪಾರ್ಕ್ ಹೇಗೆ ಓಡಲಿದೆ ಎಂದು ತೋರಿಸುವ ಎಕ್ಸ್‌ಪ್ಲೇನ್ ಹಾಕಿದರೆ ಪುಶ್ಡ್ ಫಿಲ್ಟರ್ಸ್ (ಫೈಲ್ ಓದುವ ಹಂತಕ್ಕೇ ಕಳಿಸಿದ ಷರತ್ತುಗಳ ಪಟ್ಟಿ) ಖಾಲಿ. ಲ್ಯಾಂಬ್ಡಾ ಒಳಗೆ ಏನಿದೆ ಎಂದು ಸ್ಪಾರ್ಕ್‌ನ ಆಪ್ಟಿಮೈಸರ್‌ಗೆ (ಕೆಲಸವನ್ನು ಚುರುಕುಗೊಳಿಸುವ ಭಾಗ) ಕಾಣುವುದಿಲ್ಲ, ಹಾಗಾಗಿ ಕ್ಲಾಸ್‌ನ ಅಷ್ಟೂ ಕಾಲಂ ಓದಿ, ಆಬ್ಜೆಕ್ಟ್ ಕಟ್ಟಿ, ಆಮೇಲೆ ಎಸೆಯುತ್ತಿತ್ತು. ಅದೇ ಷರತ್ತನ್ನು ಕಾಲಂ ಹೆಸರಿನಿಂದ ಬರೆದೆ. ಕೋಣೆಯ ಹೆಸರು ಪುಶ್ಡ್ ಫಿಲ್ಟರ್ಸ್‌ನಲ್ಲಿ ಬಂತು. ಪಾರ್ಕೆ ಫೈಲ್‌ನಲ್ಲಿ ಬೇಡದ ರೋ ಗುಂಪುಗಳನ್ನು ಓದದೆ ದಾಟಿಹೋಗಲು ಅಷ್ಟು ಸಾಕು.

“ಹಾಗಾದ್ರೆ ಕೇಸ್ ಕ್ಲಾಸೇ ತೆಗೆದುಬಿಡೋಣ್ವಾ?” ಎಂದು ಜೊತೆಯವರು ಕೇಳಿದರು. ಬೇಡ ಎಂದೆ. ಆರಿಸುವುದು, ಗುಂಪು ಮಾಡುವುದು ಕಾಲಂನಲ್ಲೇ ಇರಲಿ. ಎಚ್ಚರಿಕೆಯ ನಿಯಮ ಮಾತ್ರ ರೀಡಿಂಗ್ ಮೇಲೇ ಓಡಲಿ.